ಹಂದರದೊಳಗಿನ ಕೂಸು ಯಾರದು?

ಲಗ್ನ, ಜಾತ್ರೆ, ಎಳ್ಳ ಅಮಾವಾಸ್ಯೆ... ಮಂದಿ ಕೂಡಿದಲ್ಲೆಲ್ಲ ಮಕ್ಕಳು ಇದ್ದೇ ಇರುತ್ತಾರೆ. ಅವರ ಮೇಲೆ ಕಣ್ಣಿಡುವ ಹೊಣೆ ಮಾತ್ರ ಒಬ್ಬರಿಂದ ಒಬ್ಬರಿಗೆ ಜಾರುತ್ತ ಕೊನೆಗೆ ಯಾರ ಪಾಲಿಗೂ ಬರುತ್ತಿಲ್ಲ.

"ಏ ತಮ್ಮಾ, ಯಾರ ಮಗ ನೀ?"

ಭೀಮಾ ತೀರದಲ್ಲಿ ಬೆಳೆದವರು ಈ ಪ್ರಶ್ನೆಗೆ ಒಮ್ಮೆಯಾದರೂ ಉತ್ತರ ಕೊಟ್ಟಿರುತ್ತಾರೆ. ಕೇಳುವವರು ಮಾಸ್ತರರಲ್ಲ, ಪೊಲೀಸರೂ ಅಲ್ಲ. ಹಂದರದ ಕಂಬಕ್ಕೆ ಒರಗಿ ಎಲಿ ಅಡಕಿ ಮೆಲ್ಲುತ್ತ ಕೂತ, ಹುಡುಗನಿಗೆ ಹೆಸರೂ ಗೊತ್ತಿಲ್ಲದ ಯಾರೋ ಮುತ್ಯಾ. ಅಪ್ಪನ ಹೆಸರು ಹೇಳಿದ ಕೂಡಲೇ ಮುತ್ಯಾನಿಗೆ ಮನೆತನ, ಓಣಿ, ಹೊಲ ಎಲ್ಲ ತಿಳಿದುಬಿಡುತ್ತಿತ್ತು. "ಅಂವನ ಮಗೇನು? ನಿಮ್ಮಪ್ಪನೂ ಸಣ್ಣಾಂವ ಇದ್ದಾಗ ಹಿಂಗೇ ಹಂದರ ಏರತಿದ್ದ. ಇಳಿ ಕೆಳಗ!" ಹುಡುಗ ಇಳಿಯುತ್ತಿದ್ದ. ಇಳಿಯದಿದ್ದರೆ ಅವನಿಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತಿತ್ತು.

ಜೇವರ್ಗಿ ತಾಲೂಕಿನ ಕೊಳಕೂರದಂಥ ಊರುಗಳಲ್ಲಿ ಈ ಪ್ರಶ್ನೆ ಇನ್ನೂ ಪೂರ್ತಿ ನಿಂತಿಲ್ಲ. ಆದರೆ ಕೇಳುವವರ ದನಿ ಸಣ್ಣದಾಗಿದೆ. ಮನೆ ಮುಂದಿನ ಹಂದರದಲ್ಲಿ ಆಗುತ್ತಿದ್ದ ಲಗ್ನಗಳು ಜೇವರ್ಗಿ, ಕಲಬುರಗಿಯ ಫಂಕ್ಷನ್ ಹಾಲ್‌ಗಳಿಗೆ ದಾಟುತ್ತಿವೆ. ಕ್ರೂಸರ್, ಟಂಟಂ ತುಂಬಿಕೊಂಡು ಬೀಗರು ಬಂದಿಳಿಯುತ್ತಾರೆ. ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋದವರು ಬ್ಯಾಸಗಿ ರಜೆಗೆ ಮಕ್ಕಳನ್ನು ಕರೆದುಕೊಂಡು ಬಂದಿರುತ್ತಾರೆ. ಹಾಲ್ ತುಂಬ ಓಡಾಡುವ ಹುಡುಗರಲ್ಲಿ ಯಾರು ಯಾರ ಮಕ್ಕಳು ಎಂದು ಹೇಳಬಲ್ಲ ಮುತ್ಯಾ ಅಲ್ಲೇ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ, ಅವನೂ ಯಾರನ್ನೂ ಕೇಳುವುದಿಲ್ಲ.

ಇಂದಿನ ಮಕ್ಕಳಿಗೆ ನಾಲ್ಕು ಮಂದಿಯಲ್ಲಿ ಹೇಗಿರಬೇಕೆಂಬುದು ಗೊತ್ತಿಲ್ಲ ಎಂಬ ದೂರು ಎಲ್ಲ ಸಮಾರಂಭಗಳಲ್ಲೂ ಕೇಳುತ್ತದೆ. ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅದು ಮಕ್ಕಳ ಮೇಲೆ ಹೊರಿಸುವ ದೂರಲ್ಲ. ಮಂದಿ ಕೂಡಿದಾಗ ಮಕ್ಕಳನ್ನು ನೋಡಿಕೊಳ್ಳಲು ಊರಿನಲ್ಲಿ ಒಂದು ವ್ಯವಸ್ಥೆ ಇತ್ತು. ಅದರಲ್ಲಿ ದೋಷಗಳೂ ಇದ್ದವು. ಅದನ್ನು ನಾವು ಬಿಟ್ಟೆವು, ಅದರ ಜಾಗದಲ್ಲಿ ಇನ್ನೊಂದನ್ನು ಕಟ್ಟಲಿಲ್ಲ.

ಹಾಲ್‌ನೊಳಗಿನ ಒಂದು ತಾಸು

ಅಕ್ಕಿಕಾಳು ಬೀಳುವ ಮುಂಚಿನ ಒಂದು ತಾಸು ಹಾಲ್‌ನಲ್ಲಿ ನಿಂತು ನೋಡಿದರೆ ಸಾಕು. ಗೋಡೆಗೆ ಒಟ್ಟಿದ ಕುರ್ಚಿಗಳ ತುದಿ ಏರಿ ಕೂತ ಹುಡುಗ ಒಬ್ಬ. ಸ್ಟೇಜಿನ ಕೆಂಪು ಕಾರ್ಪೆಟ್ ಮೇಲೆ ಮೊಣಕಾಲೂರಿ ಜಾರುವ ಮೂವರು. ಫೋಟೊದವನ ಲೈಟಿನ ವೈರು ಅವರ ಕಾಲಿಗೆ ಸುತ್ತಿಕೊಂಡು ಸ್ಟ್ಯಾಂಡ್ ಓಲಾಡುತ್ತದೆ, ಅವನೊಬ್ಬನೇ ಅದನ್ನು ಹಿಡಿಯಲು ಓಡುತ್ತಾನೆ. ಕಮಾನಿಗೆ ಕಟ್ಟಿದ ಬಲೂನುಗಳು ಮದುಮಕ್ಕಳು ಬರುವಷ್ಟರಲ್ಲಿ ಅರ್ಧ ಉಳಿದಿರುತ್ತವೆ. ನೊರೆ ಹಾರಿಸುವ ಸ್ಪ್ರೇ ಡಬ್ಬಿ ಯಾರದೋ ಕೈಗೆ ಸಿಕ್ಕಿ, ಯಾರದೋ ಹೊಸ ಇಳಕಲ್ ಸೀರೆಯ ಮೇಲೆ ಖಾಲಿಯಾಗುತ್ತದೆ.

ಈ ಹೊತ್ತಿನಲ್ಲಿ ತಂದೆ-ತಾಯಿ ಎಲ್ಲಿರುತ್ತಾರೆ? ಅಪ್ಪ ಆಯಾರ ಬರೆಸುವ ಸಾಲಿನಲ್ಲಿ. ಅವ್ವ ಎಷ್ಟೋ ವರ್ಷಕ್ಕೆ ಸಿಕ್ಕ ತವರಿನ ಗೆಳತಿಯ ಜೊತೆ. ಅವರನ್ನು ತಪ್ಪೆನ್ನಲಾಗದು. ವರ್ಷವಿಡೀ ಹೊಲ-ಮನೆ ಅಂತ ದುಡಿದ ಹೆಣ್ಣುಮಗಳಿಗೆ ಲಗ್ನವೆಂದರೆ ಸಿಗುವ ಒಂದೇ ಬಿಡುವು. ಆ ಒಂದು ತಾಸೂ ಕೂಸಿನ ಹಿಂದೆ ಓಡುತ್ತಿರಬೇಕು ಎನ್ನುವವರು ಸಾಮಾನ್ಯವಾಗಿ ಗಂಡಸರೇ ಆಗಿರುತ್ತಾರೆ.

ಇಷ್ಟರಲ್ಲಿ ಯಾರಾದರೂ ಹಿರಿಯರು ಕುರ್ಚಿ ಏರಿದವನನ್ನು ಗದರುತ್ತಾರೆ. ಹುಡುಗ ಅಳುತ್ತ ಅವ್ವನ ಬಳಿ ಹೋಗುತ್ತಾನೆ. ಅವ್ವ ಬಂದು, "ಯಾಕ್ರೀ ಕಾಕಾ, ನಮ್ಮ ಹುಡುಗಗ ನೀವ್ಯಾಕ ಬೈತೀರಿ? ನಾವು ಹೇಳತೀವಿ ತಗೋರಿ" ಎನ್ನುತ್ತಾಳೆ. ಕಾಕಾ ಸುಮ್ಮನಾಗುತ್ತಾನೆ. ಮುಂದಿನ ಸಲ ಮಗು ಬಾವಿಕಟ್ಟೆ ಏರಿದರೂ ಅವನು ಬಾಯಿ ಬಿಡಲಿಕ್ಕಿಲ್ಲ. ಮಕ್ಕಳ ಸ್ವಾಭಿಮಾನಕ್ಕೆ ಪೆಟ್ಟಾಗಬಾರದು, ಪರರೆದುರು ಅವರನ್ನು ಅವಮಾನಿಸಬಾರದು ಎಂಬ ತಿಳಿವಳಿಕೆ ಒಳ್ಳೆಯದೇ. ಆದರೆ ಅದು ಅರ್ಧಕ್ಕೆ ನಿಂತಿದೆ. ಬೇರೆಯವರು ಹೇಳಬಾರದು ಎಂಬುದಷ್ಟೇ ನಮಗೆ ಬಂದಿದೆ. ಹಾಗಿದ್ದರೆ ಹೇಳಬೇಕಾದವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಕಂಕುಳಲ್ಲಿ ತಮ್ಮ, ಕಣ್ಣಲ್ಲಿ ಆಟ

ಹಿಂದೆ ಊರೇ ಮಕ್ಕಳನ್ನು ನೋಡಿಕೊಳ್ಳುತ್ತಿತ್ತು ಎಂಬ ಮಾತು ಕೇಳಲು ಚೆಂದ. ಆ ಊರು ಎಂದರೆ ಯಾರು ಎಂದು ಒಂದು ಹೆಜ್ಜೆ ಮುಂದೆ ಹೋಗಿ ಕೇಳಬೇಕು. ಹಳೆಯ ಲಗ್ನದ ಫೋಟೊಗಳನ್ನು ನೋಡಿ. ಅಂಚಿನಲ್ಲಿ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ನಿಂತಿರುತ್ತಾಳೆ. ಕಂಕುಳಲ್ಲಿ ತನ್ನರ್ಧದಷ್ಟು ಭಾರದ ತಮ್ಮ. ಸೊಂಟ ಒಂದು ಕಡೆ ವಾಲಿದೆ. ಉಳಿದ ಹುಡುಗರು ಓಡುವ ದಿಕ್ಕಿಗೆ ಅವಳ ಕಣ್ಣು. ಊರು ನೋಡಿಕೊಂಡದ್ದು ಎಂದು ನಾವು ಹೇಳುವ ಕೆಲಸದ ದೊಡ್ಡ ಪಾಲು ಇಂಥ ಅಕ್ಕಂದಿರದು. ಸಾಲಿ ಬಿಡಿಸಿ ಕೂಸು ಹಿಡಿಯಲು ಕೂರಿಸಿದ್ದು ಇವರನ್ನೇ. ಜಾತ್ರೆಯಲ್ಲಿ ತೊಟ್ಟಿಲು ಏರದೆ ಕೆಳಗೆ ನಿಂತು ತಂಗಿಯ ಚಪ್ಪಲಿ ಹಿಡಿದವರೂ ಇವರೇ.

ಗದರುವ ಹಕ್ಕೂ ಎಲ್ಲರಿಗೂ ಸಮನಾಗಿ ಇರಲಿಲ್ಲ. ಮೇಲಿನ ಓಣಿಯ ಮುತ್ಯಾ ಯಾವ ಹುಡುಗನನ್ನಾದರೂ ಗದರಬಹುದಿತ್ತು. ಕೆಳಗಿನ ಓಣಿಯ ಮುತ್ಯಾ ಗೌಡರ ಮನೆಯ ಹುಡುಗನನ್ನು ಗದರುವಂತಿರಲಿಲ್ಲ. ಪಂಕ್ತಿಯಲ್ಲಿ ಎಲ್ಲಿ ಕೂರಬೇಕು, ಯಾವ ಕೊಡ ಮುಟ್ಟಬಾರದು ಎಂಬ ಪಾಠಗಳನ್ನೂ ಮಕ್ಕಳು ಇದೇ ಸಮಾರಂಭಗಳಲ್ಲಿ ಕಲಿತರು. ಅದಕ್ಕೂ ಅಂದು ನಡತೆ ಎಂದೇ ಹೆಸರಿತ್ತು. ಅದರ ಮೇಲೆ ಹುಣಸೆ ಬರಲಿನ ಏಟು ಬೇರೆ. ಆ ಕಾಲವನ್ನು ಹಾಗೆಯೇ ಮರಳಿ ತರಬೇಕೆಂದು ಬಯಸುವವರು ಈ ಲೆಕ್ಕವನ್ನೂ ಎದುರಿಗಿಟ್ಟುಕೊಳ್ಳಬೇಕು.

ಆದರೆ ಆ ವ್ಯವಸ್ಥೆಯಲ್ಲಿ ಕಳೆದುಕೊಳ್ಳಬಾರದಿದ್ದ ಒಂದು ಅಂಶವೂ ಇತ್ತು. ಮಕ್ಕಳಿಗೆ ಸಮಾರಂಭದಲ್ಲಿ ಕೆಲಸವಿತ್ತು. 1950ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಬಿಯಾಟ್ರಿಸ್ ವೈಟಿಂಗ್ ಮತ್ತು ಜಾನ್ ವೈಟಿಂಗ್ ಅವರ ಮುಂದಾಳತ್ವದಲ್ಲಿ ಆರು ಸಮಾಜಗಳ ಮಕ್ಕಳ ಅಧ್ಯಯನ ನಡೆಯಿತು. ಕೆನ್ಯಾ, ಮೆಕ್ಸಿಕೊ, ಫಿಲಿಪ್ಪೀನ್ಸ್, ಜಪಾನಿನ ಒಕಿನಾವಾ, ಅಮೆರಿಕದ ಒಂದು ಪಟ್ಟಣ, ಜೊತೆಗೆ ನಮ್ಮ ಉತ್ತರ ಪ್ರದೇಶದ ಖಾಲಾಪುರ ಎಂಬ ಹಳ್ಳಿ ಆ ಪಟ್ಟಿಯಲ್ಲಿದ್ದವು. 1975ರಲ್ಲಿ ಪ್ರಕಟವಾದ ಅದರ ಫಲಿತಾಂಶದ ತಿರುಳು ಹೀಗಿದೆ: ಮನೆಗೆಲಸ ಮತ್ತು ಎಳೆಯರನ್ನು ನೋಡಿಕೊಳ್ಳುವ ಹೊಣೆ ಹೆಚ್ಚಿದ್ದ ಕೆನ್ಯಾ, ಮೆಕ್ಸಿಕೊ, ಫಿಲಿಪ್ಪೀನ್ಸ್‌ನ ಮಕ್ಕಳಲ್ಲಿ ಇತರರಿಗೆ ನೆರವಾಗುವ ನಡೆ ಹೆಚ್ಚು ಕಂಡಿತು. ಉಳಿದ ಮೂರು ಕಡೆ, ಖಾಲಾಪುರವೂ ಸೇರಿ, ತನಗೆ ಬೇಕಾದ್ದನ್ನು ಕೇಳುವ, ಮೇಲುಗೈ ಸಾಧಿಸುವ ನಡೆ ಹೆಚ್ಚಿತ್ತು. ಉಪದೇಶಕ್ಕಿಂತ ಕೈಗೆ ಕೊಟ್ಟ ಕೆಲಸ ಮಕ್ಕಳನ್ನು ಹೆಚ್ಚು ತಿದ್ದುತ್ತದೆ ಎಂಬುದು ನಮ್ಮ ಆಯಿಗಳಿಗೂ ಗೊತ್ತಿತ್ತು. ಆ ಕೆಲಸವನ್ನು ಹೆಣ್ಣುಮಕ್ಕಳ ಕಂಕುಳಿಗೇ ಕಟ್ಟಿದ್ದು ಅವರ ಕಾಲದ ತಪ್ಪು.

ಭಟ್ಟಿಯ ಸುತ್ತ ಒಂದು ಗೆರೆ

ಹೇಳಿದ ಮಾತು ಕೇಳದಿರುವುದು, ಗಲಾಟೆ, ತಟ್ಟೆ ತುಂಬ ಬಡಿಸಿಕೊಂಡು ಬಿಡುವುದು, ಇವೆಲ್ಲ ಮುಜುಗರದ ವಿಷಯ. ಮುಜುಗರ ಮರುದಿನ ಮರೆತುಹೋಗುತ್ತದೆ. ಮರೆಯಲಾಗದ್ದು ಅಡಿಗೆಯ ಕಡೆ ಆಗುತ್ತದೆ.

2023ರ ನವೆಂಬರಿನಲ್ಲಿ ನಮ್ಮದೇ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಸಾಂಬಾರಿನ ಪಾತ್ರೆಗೆ ಬಿದ್ದ ಎರಡನೇ ತರಗತಿಯ ಬಾಲಕಿ, ಬೆಂಗಳೂರಿನವರೆಗೆ ಚಿಕಿತ್ಸೆಗೆ ಒಯ್ದರೂ ಉಳಿಯಲಿಲ್ಲ. ಮಾಸ್ತರರು, ಅಡಿಗೆಯವರು, ಹೊತ್ತಿಗೆ ಸರಿಯಾದ ಗಂಟೆ ಇರುವ ಶಾಲೆಯಲ್ಲೇ ಹೀಗಾಗಬಹುದಾದರೆ, ಸಾವಿರ ಮಂದಿಗೆ ಹುಗ್ಗಿ ಕುದಿಯುವ ಲಗ್ನದ ಮನೆಯ ಹಿತ್ತಿಲಿನ ಬಗ್ಗೆ ಏನು ಹೇಳುವುದು?

ನಮ್ಮ ಕಡೆಯ ಅಡಿಗೆಯ ಜಾಗವನ್ನು ಕಣ್ಣಿಗೆ ತಂದುಕೊಳ್ಳಿ. ನೆಲದಲ್ಲಿ ಉದ್ದಕ್ಕೆ ತೋಡಿದ ಒಲೆ, ಇಲ್ಲವೇ ಮೊಣಕಾಲೆತ್ತರದ ಕಬ್ಬಿಣದ ಗ್ಯಾಸ್ ಭಟ್ಟಿ. ಅದರ ಮೇಲೆ ಗೋಧಿ ಹುಗ್ಗಿಯ ಕಡಾಯಿ. ಪಕ್ಕದಲ್ಲಿ ಕೆಳಗಿಳಿಸಿಟ್ಟ ಸಾರಿನ ಹಂಡೆ, ಮುಚ್ಚಳವಿಲ್ಲದ್ದು. ಭಜಿ ಕರಿದ ಎಣ್ಣೆಯ ಬಾಣಲೆ ಆರಲಿ ಎಂದು ಗೋಡೆ ಬದಿಗೆ. ಇವುಗಳ ನಡುವೆ ಗ್ಯಾಸಿನ ಪೈಪು ಹಾವಿನಂತೆ ಹರಿದಿರುತ್ತದೆ. ಹಂಡೆಯ ಬಾಯಿ ಸರಿಯಾಗಿ ನಾಲ್ಕು ವರ್ಷದ ಮಗುವಿನ ಎದೆಯ ಮಟ್ಟಕ್ಕೆ ಬರುತ್ತದೆ. ದೊಡ್ಡವರು ಎಡವಿದರೆ ಕೈ ಸುಡುತ್ತದೆ, ಮಗು ಎಡವಿದರೆ ಒಳಗೇ ಬೀಳುತ್ತದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಸುಮಾರು 5 ಸೆಕೆಂಡು ಸಾಕು. ಮಕ್ಕಳ ಚರ್ಮ ತೆಳು, ಅವರಿಗೆ ಅಷ್ಟು ಹೊತ್ತೂ ಬೇಡ. ಹಂಡೆಯ ಸಾರು ಇದಕ್ಕಿಂತ ಎಷ್ಟೋ ಬಿಸಿ.

ಇದಕ್ಕೆ ಬೇಕಾದ್ದು ದೊಡ್ಡ ಖರ್ಚೇನಲ್ಲ. ಅಡಿಗೆಯ ಜಾಗದ ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಬಹುದು. ಇಳಿಸಿದ ಹಂಡೆಗೆ ಮುಚ್ಚಳ ಹಾಕಬಹುದು. ಬಡಿಸಲು ಒಯ್ಯುವ ಬಿಸಿ ಸಾರಿನ ಬಕೇಟಿನ ದಾರಿಯೂ ಮಕ್ಕಳು ಓಡುವ ದಾರಿಯೂ ಒಂದೇ ಆಗದಂತೆ ಪಂಕ್ತಿ ಹಾಕಬಹುದು. ಮೊಹರಮ್ಮಿಗೆ ಅಲಾಯಿ ಕುಣಿಯಲ್ಲಿ ಬೆಂಕಿ ಹಾಕಿದಾಗ ಊರ ಹಿರಿಯರೇ ಸುತ್ತ ನಿಂತು ಮಕ್ಕಳನ್ನು ಹಿಂದೆ ಸರಿಸುತ್ತಾರೆ. ಅಲ್ಲಿ ಬೆಂಕಿ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಎಚ್ಚರವಿರುತ್ತದೆ. ಮುಚ್ಚಳವಿಲ್ಲದ ಹಂಡೆಯಲ್ಲಿನ ಬೆಂಕಿ ಕಾಣುವುದಿಲ್ಲ, ಅಷ್ಟೇ.

ಸುಟ್ಟರೆ ಏನು ಮಾಡಬೇಕೆಂಬುದನ್ನೂ ತಿಳಿದಿರಬೇಕು. ಮೊದಲು ಹರಿಯುವ ತಣ್ಣೀರು, 20 ನಿಮಿಷ. ಟೂತ್‌ಪೇಸ್ಟ್, ಶಾಯಿ, ಅರಿಷಿಣ, ಎಣ್ಣೆ ಯಾವುದನ್ನೂ ಸವರಬಾರದು, ಐಸ್ ಕೂಡ ಇಡಬಾರದು. ಅಂಟಿಕೊಂಡ ಬಟ್ಟೆ ಕೀಳದೆ, ಸ್ವಚ್ಛ ಬಟ್ಟೆ ಹೊದಿಸಿ ದವಾಖಾನೆಗೆ ಒಯ್ಯಬೇಕು. ಕೈಯಲ್ಲಿ ಮೊಬೈಲ್ ಇರುವ ಹತ್ತು ಮಂದಿ ಸುತ್ತ ನೆರೆದರೂ ಈ 20 ನಿಮಿಷದ ನೀರನ್ನು ಯಾರಾದರೊಬ್ಬರು ನೆನಪಿಸದಿದ್ದರೆ ಗಾಯ ಆಳಕ್ಕಿಳಿಯುತ್ತದೆ.

ಊಟದ ಕೌಂಟರ್‌ಗಳೂ ಈಗ ಮೊದಲಿನಂತಿಲ್ಲ. 2024ರಲ್ಲಿ ಬೆಂಗಳೂರಿನ ಮದುವೆ ಆರತಕ್ಷತೆಯೊಂದರಲ್ಲಿ ಹೊಗೆಯಾಡುವ ಪಾನ್ ತಿಂದ 12 ವರ್ಷದ ಬಾಲಕಿಯ ಜಠರದಲ್ಲಿ ರಂಧ್ರವಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಹೊಗೆ ಬರಿಸುವ ದ್ರವ ಸಾರಜನಕದ ತಂಪು ಮೈನಸ್ 196 ಡಿಗ್ರಿ. ಹೊಗೆ ಕಂಡಲ್ಲಿ ಮಕ್ಕಳು ಮೊದಲು ಸೇರುತ್ತಾರೆ. ನಮ್ಮ ಕಡೆ ಅಂಥ ಪಾನ್‌ಗಿಂತ ದಿನದ ಅಪಾಯ ಶೇಂಗಾ. ನಾಲ್ಕು ವರ್ಷದೊಳಗಿನ ಮಗುವಿನ ಕೈಗೆ ಇಡೀ ಶೇಂಗಾ ಕಾಳು ಕೊಟ್ಟರೆ ಓಡುತ್ತ, ನಗುತ್ತ ತಿನ್ನುವಾಗ ಅದು ಉಸಿರ ನಾಳಕ್ಕೆ ಜಾರಬಹುದು. ಒಡೆದ ಬಲೂನಿನ ಚೂರೂ ಅಷ್ಟೇ ಅಪಾಯ. ಪ್ರೀತಿಯಿಂದ ಬಾಯಿಗೆ ಏನಾದರೂ ತುರುಕುವ ಕಾಕುಗಳಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು.

ಬೀಗರ ಬೈಕಿನ ಕೀಲಿಯೂ ಇದೇ ಪಟ್ಟಿಗೆ ಸೇರುತ್ತದೆ. ಹದಿಮೂರು-ಹದಿನಾಲ್ಕರ ಹುಡುಗರಿಗೆ ಲಗ್ನದ ದಿನ "ಐಸ್ ತಗೊಂಡು ಬಾ", "ಎಲಿ ತಗೊಂಡು ಬಾ" ಎಂದು ದೊಡ್ಡವರೇ ಕೀಲಿ ಕೊಡುತ್ತಾರೆ. ಕಲಬುರಗಿಯಿಂದ ಜೇವರ್ಗಿ ಮೇಲೆ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳು ಹಗಲು-ರಾತ್ರಿ ಓಡುತ್ತವೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಕೀಲಿ ಕೊಟ್ಟ ಮಾಮಾನಿಗೆ ಇದು ತಿಳಿದಿರುವುದಿಲ್ಲ.

ಹೊಲದಾಗಿನ ಹಬ್ಬ

ಈ ಭಾಗದಲ್ಲಿ ಮಕ್ಕಳಿಗೆ ಲಗ್ನಕ್ಕಿಂತ ದೊಡ್ಡ ಸಂಭ್ರಮ ಎಳ್ಳ ಅಮಾವಾಸ್ಯೆ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುವ ಈ ಹಬ್ಬಕ್ಕೆ ಇಡೀ ಊರು ಹೊಲಕ್ಕೆ ಹೋಗುತ್ತದೆ. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಅಂಬಲಿ, ಆ ದಿನಕ್ಕೆಂದೇ ಹಸಿ ಕಾಳು-ಕಾಯಿಪಲ್ಲೆ ಕೂಡಿಸಿ ಮಾಡಿದ ಭಜ್ಜಿ. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ ಬೆಳೆಗೆ ಚರಗ ಚೆಲ್ಲುತ್ತಾರೆ. ಆಮೇಲೆ ಪಕ್ಕದ ಹೊಲದವರನ್ನು ಕರೆದು ಉಣ್ಣುವುದು, ಅವರ ಹೊಲಕ್ಕೆ ಹೋಗಿ ಉಣ್ಣುವುದು. ಆಳೆತ್ತರ ಬೆಳೆದ ತೊಗರಿಯಲ್ಲಿ ಮಕ್ಕಳು ಕಣ್ಣುಮುಚ್ಚಾಲೆ ಆಡುತ್ತಾರೆ. ತೊಗರಿಯ ಸಾಲಿನೊಳಗೆ ಹೊಕ್ಕ ಮಗು ನಾಲ್ಕು ಹೆಜ್ಜೆಗೆ ಮರೆಯಾಗುತ್ತದೆ.

ಹೊಲದ ಆಟ ಬೇಡ ಎನ್ನುವವರು ಈ ಹಬ್ಬವನ್ನು ಅರಿತವರಲ್ಲ. ಆದರೆ ಹೊಲವೂ ಬದಲಾಗಿದೆ. ಹಿಂದೆ ಹೊಲದಲ್ಲಿ ಅಪಾಯವೆಂದರೆ ಬಾವಿ, ಅದು ದೂರದಿಂದಲೇ ಕಾಣುತ್ತಿತ್ತು. ಈಗ ನೀರು ಬಾರದೆ ಕೈಬಿಟ್ಟ ಕೊಳವೆಬಾವಿಗಳಿವೆ. ಅವುಗಳ ಬಾಯಿ ಒಂದು ಗೇಣಿನಷ್ಟು, ಅದರ ಮೇಲೊಂದು ಗೋಣಿಚೀಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷದೊಳಗಿನ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ಬಳಿಕ ಜೀವಂತ ಹೊರತೆಗೆದರು. ಇಡೀ ರಾಜ್ಯ ಉಸಿರು ಬಿಗಿಹಿಡಿದು ನೋಡಿದ ಆ ಊರು ನಮ್ಮ ಅಫಜಲಪುರ ಸೀಮೆಗೆ ದೂರವೇನಲ್ಲ. ಕೈಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು-ಕಲ್ಲು ತುಂಬಿ ಮುಚ್ಚಬೇಕು, ಬಳಕೆಯಲ್ಲಿರುವುದಕ್ಕೆ ಗಟ್ಟಿ ಮುಚ್ಚಳ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹಬ್ಬಕ್ಕೆ ಮುಂಚಿನ ವಾರ ಹೊಲದವನು ಒಮ್ಮೆ ಸುತ್ತಿ ಬಂದು ಮುಚ್ಚಳ ನೋಡಿದರೆ, ಬಂದ ಮಕ್ಕಳನ್ನು ಕೂರಿಸಿ "ಆ ಬನ್ನಿ ಗಿಡದ ಆಚಿಕಿನ ಕಡೆ ಹೋಗಬ್ಯಾಡ್ರಿ" ಎಂದು ಬೆರಳು ಮಾಡಿ ತೋರಿಸಿದರೆ, ಉಳಿದ ಹೊಲವೆಲ್ಲ ಆಟಕ್ಕೆ ಬಿಟ್ಟುಕೊಡಬಹುದು. ಎಲ್ಲೆ ತೋರಿಸಿದ ಮಕ್ಕಳು ಆಟದ ನಿಯಮದಂತೆ ಅದನ್ನು ಪಾಲಿಸುತ್ತಾರೆ. "ಎಲ್ಲೂ ಹೋಗಬ್ಯಾಡ್ರಿ" ಎಂದರೆ ಎಲ್ಲ ಕಡೆಗೂ ಹೋಗುತ್ತಾರೆ.

ತೇರಿನ ಗದ್ದಲದಲ್ಲಿ

ಕಲಬುರಗಿಯ ಶರಣಬಸವೇಶ್ವರ ಜಾತ್ರೆ ಈ ಜಿಲ್ಲೆಯ ಮಕ್ಕಳು ಕಾಣುವ ಅತಿ ದೊಡ್ಡ ಜನಸಾಗರ. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ದಾಸೋಹದಿಂದ ಹೆಸರಾದ ಶರಣರು ಶರಣಬಸವೇಶ್ವರರು. ಹೋಳಿ ಹುಣ್ಣಿಮೆಯಾದ ಐದನೇ ದಿನಕ್ಕೆ ತೇರು. ಉತ್ತತ್ತಿ, ಬಾಳೆಹಣ್ಣು ತೇರಿನ ಮೇಲೆ ಹಾರುವ ಹೊತ್ತಿಗೆ ಎಲ್ಲರ ಕಣ್ಣೂ ಮೇಲಿರುತ್ತದೆ, ಮಗುವಿನ ಕೈ ಜಾರುವುದು ಆಗಲೇ. ಮೈಕಿನಲ್ಲಿ ಕೇಳುವ "ಕೆಂಪು ಅಂಗಿ ತೊಟ್ಟ ಹುಡುಗ ನಮ್ಮ ಹತ್ತಿರ ಇದ್ದಾನ, ಪಾಲಕರು ಬಂದು ಕರಕೊಂಡು ಹೋಗ್ರಿ" ಎಂಬ ಕೂಗು ಜಾತ್ರೆಯ ಸದ್ದುಗಳಲ್ಲಿ ಒಂದಾಗಿಬಿಟ್ಟಿದೆ.

ನಮ್ಮೂರುಗಳಿಂದ ಶಬರಿಮಲೆಗೆ ಹೋಗಿಬಂದವರು ನೋಡಿರುತ್ತಾರೆ, ಪಂಪಾದಲ್ಲಿ ಕೇರಳ ಪೊಲೀಸರು ಮಕ್ಕಳ ಮಣಿಕಟ್ಟಿಗೆ ಹೆಸರು, ಫೋನ್ ನಂಬರ್ ಇರುವ ಪಟ್ಟಿ ಕಟ್ಟುತ್ತಾರೆ. ಪೊಲೀಸರು ಕಟ್ಟಲಿ ಎಂದು ಕಾಯಬೇಕಿಲ್ಲ. ಒಂದು ಪೆನ್ನು ಸಾಕು. ಮುಂಗೈ ಮೇಲೆ ನಂಬರ್ ಬರೆಯುವುದು, ಹೊರಡುವ ಮುಂಚೆ ಮಗುವಿನ ಒಂದು ಫೋಟೊ ತೆಗೆದುಕೊಳ್ಳುವುದು, "ತಪ್ಪಿಸಿಕೊಂಡರ ನಿಂತಲ್ಲೇ ನಿಲ್ಲು, ಕೂಸು ಎತ್ತಿಕೊಂಡ ಹೆಣ್ಣುಮಗಳು ಇಲ್ಲಾ ಪೊಲೀಸರು ಕಂಡರ ಅವರಿಗೆ ಹೇಳು" ಎಂದು ಕಲಿಸುವುದು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ತಪ್ಪಿಸಿಕೊಳ್ಳುವುದಷ್ಟೇ ಅಲ್ಲ, ನೂಕುನುಗ್ಗಲೂ ಅಪಾಯವೇ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು, ಅವರಲ್ಲಿ ಹದಿಹರೆಯದವರೂ ಇದ್ದರು. ಗುಂಪು ಒತ್ತತೊಡಗಿದ ಮೇಲೆ ಅಪ್ಪನ ಕೈ ಎಷ್ಟೇ ಗಟ್ಟಿಯಿದ್ದರೂ ಸಾಲುವುದಿಲ್ಲ. ಎಳೆಯ ಮಕ್ಕಳಿದ್ದಾಗ ತೇರನ್ನು ದೂರದಿಂದಲೇ ನೋಡುವುದು ಭಕ್ತಿಗೇನೂ ಕಡಿಮೆಯಲ್ಲ.

ಜನರ ನಡುವೆ ಇನ್ನೊಂದು ಅಪಾಯವಿದೆ. ಅದನ್ನು ಬಾಯಿಬಿಟ್ಟು ಹೇಳಲು ಮನೆಗಳಲ್ಲಿ ಹಿಂಜರಿಯುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಪರಿಚಯದವನೇ. 2012ರ ಪೋಕ್ಸೊ ಕಾಯ್ದೆ ಬಂದ ಮೇಲೆ ದಾಖಲಾದ ಪ್ರಕರಣಗಳು ವರ್ಷ ವರ್ಷ ಇದನ್ನೇ ಹೇಳುತ್ತಿವೆ. "ಎಲ್ಲಾರೂ ನಮ್ಮವರೇ" ಎಂಬ ಲಗ್ನದ ಮನೆಯ ನೆಮ್ಮದಿ, ರಾತ್ರಿ ಸಾಲಾಗಿ ಚಾಪೆ ಹಾಸಿ ಮಲಗುವಾಗ ಮಕ್ಕಳಿಗೆ ನೆಮ್ಮದಿಯಾಗಿಯೇ ಇರುತ್ತದೆ ಎನ್ನಲಾಗದು. ಮಗು ಯಾರದೋ ತೊಡೆ ಏರಲು ಒಪ್ಪದಿದ್ದರೆ, ಮುತ್ತು ಕೊಡು ಅಂದಾಗ ಮುಖ ತಿರುಗಿಸಿದರೆ, "ಎಂಥಾ ಹಟ ನಿಂದು, ಮಾಮಾಗ ಹಿಂಗ ಮಾಡತಾರೇನು?" ಎಂದು ಗದರುತ್ತೇವೆ. ಮಕ್ಕಳ ನಡತೆಯ ಬಗ್ಗೆ ನಾವು ಮಾಡುವ ದೂರುಗಳಲ್ಲಿ ಇದೊಂದನ್ನು ಇಂದೇ ಕೈಬಿಡಬೇಕು. ಮೈ ಮುಟ್ಟಿಸಿಕೊಳ್ಳಲು ಒಪ್ಪದ ಮಗು ತಪ್ಪೇನೂ ಮಾಡಿಲ್ಲ.

ಸುಮ್ಮನೆ ಕೂತ ಮಗು

ಗದ್ದಲಕ್ಕೆ ಈಗ ಮನೆಮನೆಯಲ್ಲೂ ಸಿಗುವ ಔಷಧಿ ಮೊಬೈಲ್. ಲಗ್ನದ ಹಾಲ್‌ನಲ್ಲಿ ಮೂಲೆ ಹಿಡಿದು ರೀಲ್ಸ್ ನೋಡುವ ಐದಾರು ಹುಡುಗರ ಗುಂಪನ್ನು ತೋರಿಸಿ, "ಎಷ್ಟು ಶಾಣ್ಯಾ ಹುಡುಗ್ರು, ಸದ್ದಿಲ್ಲ" ಎನ್ನುತ್ತಾರೆ. ಎರಡು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಬೇಡ, ಇನ್ನೂ ಕಡಿಮೆಯಾದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಸಮಾರಂಭದ ಮಟ್ಟಿಗೆ ಗಂಟೆಯ ಲೆಕ್ಕಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಸುರಗಿ ನೀರು ಹೇಗೆ ಹಾಕುತ್ತಾರೆ, ಹಿರಿಯರಿಗೆ ಹೇಗೆ ನಮಸ್ಕರಿಸುತ್ತಾರೆ, ಪಂಕ್ತಿಯಲ್ಲಿ ಪಕ್ಕದವರು ಉಂಡು ಮುಗಿಸುವ ತನಕ ಏಕೆ ಏಳಬಾರದು, ಇವನ್ನೆಲ್ಲ ಮಕ್ಕಳು ನೋಡಿಯೇ ಕಲಿಯಬೇಕು. ತಲೆ ಬಗ್ಗಿಸಿ ಕೂತವರು ನೋಡುವುದು ಎಲ್ಲಿ? ಇಂದು ಮೂಲೆಯಲ್ಲಿ ಕೂರಿಸಿದವರನ್ನೇ ನಾಳೆ "ನಾಲ್ಕು ಮಂದಿಯಾಗ ಹೆಂಗ ಇರಬೇಕು ಗೊತ್ತಿಲ್ಲ" ಎಂದು ಬೈಯುತ್ತೇವೆ.

ಮಕ್ಕಳಿಗೆ ಸಹಿಸಲಾಗದ್ದನ್ನು ಕಟ್ಟಿ, ಅವರು ಸಹಿಸಲಿಲ್ಲವೆಂದು ದೂರುವುದೂ ನಡೆಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನ ಹಾಲ್, ಮಿಂಚುವ ದಪ್ಪ ಬಟ್ಟೆಯ ಶೇರವಾನಿ, ಮಧ್ಯಾಹ್ನ ಮೂರಾದರೂ ಊಟವಿಲ್ಲ. ಹೊರಗೆ ಡಿಜೆಯ ಪೆಟ್ಟಿಗೆ ಎದೆ ನಡುಗಿಸುತ್ತಿದೆ. ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಎಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಮೆರವಣಿಗೆಯ ಡಿಜೆಗೆ ಅದು ಲೆಕ್ಕಕ್ಕೇ ಇಲ್ಲ. ಇಂಥಲ್ಲಿ ಮೂರು ವರ್ಷದ ಕೂಸು ನೆಲಕ್ಕೆ ಬಿದ್ದು ಒದ್ದಾಡಿ ಅತ್ತರೆ ಅದು ಹಟಮಾರಿ ಎನ್ನಿಸಿಕೊಳ್ಳುತ್ತದೆ. ಮಕ್ಕಳ ಪಂಕ್ತಿಯನ್ನು ಮೊದಲು ಹಾಕಿ, ಹತ್ತಿಬಟ್ಟೆ ತೊಡಿಸಿ, ಮಲಗಲು ಒಂದು ಕೋಣೆ ಕೊಟ್ಟರೆ ಹಟದ ಮುಕ್ಕಾಲು ಪಾಲು ಅಲ್ಲೇ ಇಳಿಯುತ್ತದೆ.

ಯಾದಿಯಲ್ಲಿ ಇಲ್ಲದ ಸಾಲು

ನಮ್ಮ ಕಡೆ ಲಗ್ನ ಗೊತ್ತಾದಾಗ ಎರಡೂ ಕಡೆಯ ಹಿರಿಯರು ಕೂತು ಯಾದಿ ಮಾಡುತ್ತಾರೆ. ಬಂಗಾರ ಎಷ್ಟು, ಬಟ್ಟೆ ಯಾರದು, ಹಾಲ್ ಯಾರ ಕಡೆ, ಬಾಜಿ ಯಾರ ಕಡೆ, ಊಟಕ್ಕೆ ಎಷ್ಟು ಮಂದಿ, ಎಲ್ಲ ಬರೆದು ಓದಿ ಒಪ್ಪಿಕೊಳ್ಳುತ್ತಾರೆ. ಬರೆದದ್ದಕ್ಕೆ ಹೊಣೆ ಇರುತ್ತದೆ. ಬರೆಯದ್ದು ತಾನಾಗಿ ಆಗುತ್ತದೆ ಎಂಬ ನಂಬಿಕೆ. ಮಕ್ಕಳನ್ನು ನೋಡಿಕೊಳ್ಳುವುದು ಆ ಬರೆಯದ ಪಾಲಿಗೆ ಸೇರಿದೆ.

ಅದನ್ನೂ ಬರೆಯುವುದು ಸಾಧ್ಯವೆಂದು ಸರ್ಕಾರವೇ ಒಂದು ದಾರಿ ತೋರಿಸಿದೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯದಲ್ಲಿ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಶುರುವಾದವು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಊರಿನ ಮಹಿಳೆಯರಿಗೆ ತರಬೇತಿಯಿದೆ, ಕೂಲಿಯಿದೆ. ಕೂಸು ಹಿಡಿಯುವುದು ಕೆಲಸ, ಅದಕ್ಕೆ ಬೆಲೆ ಕೊಡಬೇಕು ಎಂದು ಒಪ್ಪಿಕೊಂಡದ್ದೇ ಅದರ ದೊಡ್ಡ ಹೆಜ್ಜೆ. ಡಿಜೆಗೆ, ಡ್ರೋನ್ ಕ್ಯಾಮೆರಾಕ್ಕೆ ಸಾವಿರಾರು ರೂಪಾಯಿ ಎಣಿಸುವ ಮನೆಯವರು ಇಬ್ಬರು ಹೆಣ್ಣುಮಕ್ಕಳಿಗೆ ದಿನದ ಕೂಲಿ ಕೊಟ್ಟು, ಹಾಲ್‌ನ ಒಂದು ಕೋಣೆಯನ್ನು ಎಳೆಯ ಮಕ್ಕಳಿಗೆ ಬಿಡಬಹುದು. ಆಗ ತವರಿನ ಗೆಳತಿ ಸಿಕ್ಕ ಅವ್ವನಿಗೂ ಒಂದು ತಾಸು ಸಿಗುತ್ತದೆ, ಕಂಕುಳಲ್ಲಿ ತಮ್ಮನನ್ನು ಹೊತ್ತ ಅಕ್ಕನಿಗೂ ಆಟ ಸಿಗುತ್ತದೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಕೆಲಸ ಹಂಚಬೇಕು, ಹುಡುಗರಿಗೂ ಹುಡುಗಿಯರಿಗೂ ಸಮನಾಗಿ. ಅಕ್ಕಿಕಾಳಿನ ತಟ್ಟೆ ಹಿಡಿದು ಎಲ್ಲರ ಕೈಗೆ ಹಂಚುವುದು, ಪಂಕ್ತಿಗೆ ಪತ್ರಾವಳಿ ಹಾಕುವುದು, ನೀರು ಕೊಡುವುದು, ವಯಸ್ಸಾದ ಆಯಿಯನ್ನು ಕೈಹಿಡಿದು ಊಟಕ್ಕೆ ಕರೆತರುವುದು. ಮುಗಿಯುವ ಒಂದು ಕೆಲಸ, ಮುಗಿಸಿದ ಮೇಲೆ ಒಂದು ಶಾಬಾಸ್. ಕುರ್ಚಿಯ ಗುಡ್ಡ ಏರುವ ಹುಡುಗನಿಗೇ ಆ ಕುರ್ಚಿಗಳನ್ನು ಸಾಲಾಗಿ ಹಾಕುವ ಯಜಮಾನಿಕೆ ಕೊಟ್ಟರೆ ಅವನು ಉಳಿದವರನ್ನು ಏರಗೊಡುವುದಿಲ್ಲ. ಇಲ್ಲೊಂದು ಎಚ್ಚರ ಬೇಕು. ನಮ್ಮ ಮಕ್ಕಳಿಗೆ ಕೆಲಸ ಕಲಿಸುವ ಅದೇ ಹಾಲ್‌ನಲ್ಲಿ ಅವರದೇ ವಯಸ್ಸಿನ ಹುಡುಗರು ಕೂಲಿಗೆ ಎಂಜಲು ತಟ್ಟೆ ಎತ್ತುತ್ತಿರುವುದು ಕಂಡರೆ ಸುಮ್ಮನಿರಬಾರದು. 2016ರ ತಿದ್ದುಪಡಿಯ ಬಳಿಕ 14 ವರ್ಷದೊಳಗಿನವರನ್ನು ಇಂಥ ಯಾವುದೇ ದುಡಿಮೆಗೆ ಹಚ್ಚುವುದು ಅಪರಾಧ. ಸಮಾರಂಭದ ಮಕ್ಕಳೆಂದರೆ ಬೀಗರ ಮಕ್ಕಳಷ್ಟೇ ಅಲ್ಲ.

ಇನ್ನು ಉಳಿದದ್ದು ಮುತ್ಯಾನ ಪ್ರಶ್ನೆ. ಅದನ್ನು ಕೇಳುವ ಹಕ್ಕನ್ನು ನಾವೇ ಬಾಯಿಬಿಟ್ಟು ಕೊಡಬೇಕಾಗಿದೆ. ಹಾಲ್‌ಗೆ ಕಾಲಿಟ್ಟ ಕೂಡಲೇ ಪಕ್ಕದವರಿಗೆ, "ಕಾಕಾರೀ, ಈತ ನನ್ನ ಮಗ. ಭಟ್ಟಿ ಕಡೆ ಹೋದರ ನೀವೂ ಹೇಳ್ರಿ, ನನಗೂ ಕರೀರಿ" ಎಂದರೆ ಸಾಕು. ಕಾಕಾ ಹೇಳಬೇಕು, ಹೊಡೆಯಬಾರದು. ಜಾತಿ ಎತ್ತಬಾರದು, ಮಂದಿಯೆದುರು ಮರ್ಯಾದೆ ತೆಗೆಯಬಾರದು. ಹಳೆಯ ಹಕ್ಕಿಗೆ ಇಲ್ಲದಿದ್ದ ಈ ಎಲ್ಲೆಗಳನ್ನು ಹಾಕಿಯೇ ಅದನ್ನು ಮರಳಿ ಕೊಡೋಣ. ಹೇಳಿಸಿಕೊಂಡ ಅಪ್ಪ-ಅವ್ವ ಮುಖ ಗಂಟಿಕ್ಕದೆ "ಆತ್ರೀ ಕಾಕಾ" ಎನ್ನಲು ಕಲಿಯಬೇಕು. ಮಕ್ಕಳ ನಡತೆ ತಿದ್ದುವ ಮಾತು ಆಮೇಲಿನದು. ಬರುವ ಬ್ಯಾಸಗಿಯ ಯಾದಿಗಳಲ್ಲಿ ಬಾಜಿ, ಬಂಗಾರದ ಸಾಲುಗಳ ಕೆಳಗೆ ಇನ್ನೊಂದು ಸಾಲು ಬರೆಯಬೇಕು: ಮಕ್ಕಳನ್ನು ನೋಡಿಕೊಳ್ಳುವವರು ಯಾರು ಯಾರು. ಹೆಸರು ಬರೆದು, ಎಲ್ಲರೆದುರು ಓದಿ, ಒಪ್ಪಿಸಿಕೊಳ್ಳಬೇಕು. ಆ ಸಾಲಿನಲ್ಲಿ ಇಬ್ಬರಾದರೂ ಗಂಡಸರ ಹೆಸರಿರಲಿ.